ನಾಲ್ಕು ಬೆರಳು ಮುಂದೆ ಬಂದ ಗೋಡೆ

ಓಲ್ವೆನ್ ಪ್ರೋಬರ್ಟ್ ಫೋನು ಮಾಡಿದಾಗ ನೆರಿಸ್ ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿದ್ದಳು. ಆ ದನಿ ಕೇಳಿ ವರ್ಷಗಳೇ ಆಗಿದ್ದವು. ಆದರೂ ಮುದುಕಿ ಮಾತು ಶುರುಮಾಡುವ ಮೊದಲೇ ಗುರುತು ಸಿಕ್ಕಿತು. ಫೋನು ಎತ್ತಿದವರ ಮೇಲೆ ಹಾಗೆ ಮೂಗಿನಿಂದ ಉಸಿರು ಬಿಡುವವರು ಆ ಕಣಿವೆಯಲ್ಲಿ ಇನ್ನೊಬ್ಬರಿರಲಿಲ್ಲ.

"ನೀನು ಹಾಕಿದ ಪೈಪುಗಳು ಕೆಟ್ಟು ಕೂತಿವೆ," ಎಂದಳು ಓಲ್ವೆನ್. "ಮನೇಲಿ ಹೆಣ ಇಟ್ರೂ ಕೆಡಲ್ಲ, ಅಷ್ಟು ಚಳಿ. ಬಂದು ನೋಡು."

"ಯಾವ ಪೈಪು, ಮಿಸೆಸ್ ಪ್ರೋಬರ್ಟ್?"

"ನನಗೇನು ಗೊತ್ತು? ಪೈಪಿನ ಕಸುಬು ನಿಂದು. ನಮ್ಮ ವಂಶದಲ್ಲಿ ಯಾರೂ ಪೈಪು ಮುಟ್ಟಿದೋರಲ್ಲ."

ನೆರಿಸ್‌ಗೆ ಸಿಂಕಿನ ಕೆಳಗೇ ನಗು ಬಂತು. ಆ ವಂಶದವರು ಇನ್ನೇನನ್ನು ಮುಟ್ಟಿದ್ದರೋ ಅವಳಿಗೆ ನೆನಪಾಗಲಿಲ್ಲ. ಓಲ್ವೆನ್‌ಳ ಗಂಡ ಗಣಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನೆಲದಡಿಗೆ ಒಮ್ಮೆಯೂ ಇಳಿಯದೆ ಗಣಿಯಿಂದ ಪಿಂಚಣಿ ತಿಂದ ಆ ಬೀದಿಯ ಏಕೈಕ ಗಂಡಸು. ಮಗ ಗೆಥಿನ್ ಮೊದಲು ಕಿಟಕಿ ಮಾರಿದ, ಆಮೇಲೆ ಜಮಖಾನ ಮಾರಿದ, ಈಗ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಅಂದರೆ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕೈಲಿ ಕೆಲಸ ಮಾಡಿಸುತ್ತಿದ್ದ. ಕೊನೆಗೂ ಅವನಿಗೆ ಒಪ್ಪುವ ಉದ್ಯೋಗವೇ ಸಿಕ್ಕಿತೆಂದು ನೆರಿಸ್ ಅಂದುಕೊಂಡಿದ್ದಳು.

ಆ ಗೆಥಿನ್‌ನ ಜೊತೆ ಅವಳು ಹನ್ನೊಂದು ವರ್ಷ ಸಂಸಾರ ಮಾಡಿದ್ದಳು. ಮದುವೆಯಾದ ಹೊಸತರಲ್ಲಿ ಓಲ್ವೆನ್‌ಳನ್ನು "ಅಮ್ಮ" ಎಂದು ಕರೆದದ್ದಕ್ಕೆ, "ನಿನ್ನ ಅಮ್ಮ ಇನ್ನೂ ಬದುಕಿದ್ದಾರಲ್ಲ?" ಎಂಬ ಉತ್ತರ ಬಂದಿತ್ತು. ಅಂದಿನಿಂದ ಮಿಸೆಸ್ ಪ್ರೋಬರ್ಟ್. ನೆರಿಸ್‌ಳ ಅಪ್ಪ ಕೊಳಾಯಿ ಕೆಲಸದವನು. ಅವಳೂ ಅವನ ವ್ಯಾನಿನಲ್ಲಿ ಓಡಾಡಿ ಅದೇ ಕಸುಬು ಕಲಿತವಳು. ಊಟಕ್ಕೆ ಕೂರುವ ಮುಂಚೆ ಓಲ್ವೆನ್ ಸೊಸೆಯ ಕೈ ಎರಡೂ ಬದಿ ತಿರುಗಿಸಿ ನೋಡಿ, "ಇನ್ನೊಂದು ಸಲ ತೊಳ್ಕೊಂಡು ಬಾ" ಎನ್ನುತ್ತಿದ್ದಳು. ಭಾನುವಾರದ ಪ್ರಾರ್ಥನೆಯ ಚಾಪೆಲ್ಲಿನ ಹೆಂಗಸರ ಮುಂದೆ, "ನಮ್ಮ ಸೊಸೆ ನೀರು ಸರಬರಾಜಿನಲ್ಲಿದ್ದಾಳೆ" ಎಂದು ಮಾತು ತೇಲಿಸುತ್ತಿದ್ದಳು. ಅದೇ ಕಾಲದಲ್ಲಿ ಸೊಸೆ ಆ ಮನೆಯ ಕಲ್ಲಿದ್ದಲ ಒಲೆ ಕಿತ್ತು, ಬಾಯ್ಲರ್ ಕೂರಿಸಿ, ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರನ್ನು ಪ್ರತಿ ಗೋಡೆಗೂ ಹಾಕಿ, ಅತ್ತೆಯ ಮೂಳೆಗಳನ್ನು ಬೆಚ್ಚಗಿಟ್ಟಿದ್ದಳು. ಅದಕ್ಕೆ ಒಂದು ಒಳ್ಳೆಯ ಮಾತೂ ಹುಟ್ಟಿರಲಿಲ್ಲ.

ಬರುವುದಿಲ್ಲ ಎನ್ನಬಹುದಿತ್ತು. ಚಳಿಗಾಲ ಶುರುವಾಗಿ ಕಣಿವೆಯ ಅರ್ಧ ಮನೆಗಳು ಅವಳಿಗಾಗಿ ಕಾಯುತ್ತಿದ್ದವು. ಆದರೆ ಗೆಥಿನ್ ಏನೋ ಎಡವಟ್ಟು ಮಾಡಿದ್ದಾನೆ ಎಂಬುದು ಮುದುಕಿಯ ದನಿಯಲ್ಲೇ ಇತ್ತು. ಅದನ್ನು ಕಣ್ಣಾರೆ ನೋಡಬೇಕೆನಿಸಿತು. ಈ ಆಸೆ ಒಳ್ಳೆಯ ಆಸೆಯಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆಂದು ಅದು ಕಡಿಮೆಯೇನೂ ಆಗಲಿಲ್ಲ.

"ಬುಧವಾರ ಬೆಳಿಗ್ಗೆ ಬರ್ತೀನಿ," ಎಂದಳು.

"ಶೂಸು ಬಾಗಿಲಲ್ಲೇ ಬಿಡು," ಎಂದು ಓಲ್ವೆನ್ ಫೋನು ಇಟ್ಟಳು.

*

ಪ್ರೋಬರ್ಟರ ಮನೆ ಬೀದಿಯ ಸಾಲಿನಲ್ಲಿ ಕೊನೆಯದು. ಒಂದು ಪಕ್ಕಕ್ಕೆ ನೆರೆಮನೆಯಿದ್ದರೆ ಇನ್ನೊಂದು ಪಕ್ಕಕ್ಕೆ ಬೆಟ್ಟದ ಗಾಳಿ. ಆ ಪಕ್ಕದ ಕಲ್ಲುಗೋಡೆ ಎಷ್ಟು ಬಿಸಿ ಕೊಟ್ಟರೂ ಕುಡಿದು ಮತ್ತೆ ತಣ್ಣಗೆ ಕೂರುವಂಥದ್ದು. ಚಳಿಗಾಲದಲ್ಲಿ ಅದರ ಮೈಯೆಲ್ಲ ಕಪ್ಪು ಬೂಷ್ಟು. ಮೊಣಕಾಲು ಕೈಕೊಟ್ಟ ಮೇಲೆ ಓಲ್ವೆನ್ ಮೆಟ್ಟಿಲು ಹತ್ತಲಾರದೆ ಕೆಳಗಿನ ಮುಂದಿನ ಕೋಣೆಗೆ ಮಂಚ ಹಾಕಿಸಿಕೊಂಡಿದ್ದಳು. ಆ ಕೋಣೆಗೂ ಅದೇ ಗೋಡೆ.

ನೆರಿಸ್ ಒಳಗೆ ಹೋದಾಗ ಮುದುಕಿ ಓವರ್‌ಕೋಟು ತೊಟ್ಟು, ತಲೆಗೆ ಚಾಪೆಲ್ಲಿಗೆ ಹಾಕುವ ಹ್ಯಾಟು ಇಟ್ಟು, ಕೋಣೆಯ ನಡುವಿನ ಆರಾಮ ಕುರ್ಚಿಯಲ್ಲಿ ಕೂತಿದ್ದಳು. ಅವಳೆದುರು ಒಂದು ಸಣ್ಣ ಕರೆಂಟಿನ ಹೀಟರು ಉಬ್ಬಸ ಬಂದವರಂತೆ ಏದುತ್ತಿತ್ತು. ಮುದುಕಿಯ ಬೆರಳುಗಳ ತುದಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

"ದಪ್ಪ ಆಗಿದ್ದೀಯ," ಎಂದಳು ಓಲ್ವೆನ್.

"ನಿಮ್ಮ ಗೋಡೇನೂ ದಪ್ಪ ಆಗಿದೆ," ಎಂದಳು ನೆರಿಸ್.

ಗೋಡೆ ನಿಜಕ್ಕೂ ಮುಂದೆ ಬಂದಿತ್ತು. ಚಳಿ ತಡೆಯಲೆಂದು ಕಲ್ಲಿನ ಮೇಲೆ ಫೋಮಿನ ಹಲಗೆ, ಅದರ ಮೇಲೆ ಪ್ಲಾಸ್ಟರ್ ಬೋರ್ಡು, ಅದರ ಮೇಲೆ ಸುಣ್ಣಬಣ್ಣ. ಒಟ್ಟಿನಲ್ಲಿ ನಾಲ್ಕು ಬೆರಳಿನಷ್ಟು. ಯೋಚನೆಯಲ್ಲಿ ತಪ್ಪಿರಲಿಲ್ಲ. ಅಂಥ ಮನೆಗೆ ಮಾಡಬೇಕಾದದ್ದೇ ಅದು. ಮಾಡಿದ ಬಗೆ ಮಾತ್ರ ಗೆಥಿನ್‌ನದು. ಮೊದಲು ಗೋಡೆಯ ಮೇಲಿದ್ದ ರೇಡಿಯೇಟರ್ ಬಿಚ್ಚಿ ಹಜಾರಕ್ಕೆ ಸಾಗಿಸಿದ್ದ. ಅದಕ್ಕೆ ನೀರು ಒಯ್ಯುವ ಎರಡು ಪೈಪು ಹಳೆ ಗೋಡೆಗೆ ಒತ್ತಿಕೊಂಡು ನೆಲದಿಂದ ಮೇಲೆ ಬರುತ್ತಿದ್ದವಲ್ಲ, ಅವನ್ನು ಏನು ಮಾಡಬೇಕೆಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅವುಗಳ ಮೇಲೆಯೇ ಗೋಡೆ ಎಬ್ಬಿಸಿದ್ದ. ಆಮೇಲೆ ನೆನಪಾಗಿ ಬೋರ್ಡಿನಲ್ಲಿ ಎರಡು ಬಿಲ ಕೊರೆದಿದ್ದ. ಆ ಬಿಲಗಳೊಳಗಿಂದ ಎರಡು ವಾಲ್ವುಗಳು ಇಲಿಮರಿಗಳ ಹಾಗೆ ಮೂತಿ ಹೊರಗಿಟ್ಟುಕೊಂಡು ಕೂತಿದ್ದವು. ಪಕ್ಕದಲ್ಲಿ, ಅವಕ್ಕೂ ರೇಡಿಯೇಟರಿಗೂ ಸೇರಿಸಲೆಂದು ತಂದ, ಬಟ್ಟೆ ಒಗೆಯುವ ಮೆಷಿನ್ನಿಗೆ ಹಾಕುವ ಎರಡು ರಬ್ಬರ್ ಪೈಪು, ಅಂಗಡಿಯ ಚೀಟಿ ಸಮೇತ.

ನೆರಿಸ್ ಆ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಸತ್ತ ಹಾವನ್ನು ಎತ್ತಿದಂತಿತ್ತು.

"ಅದು ಟೆಂಪರರಿ," ಎಂದು ಬಾಗಿಲಿನಿಂದ ಗೆಥಿನ್‌ನ ದನಿ ಬಂತು.

ಒಳ್ಳೆ ಸ್ವೆಟರು, ಬಾಚಿದ ತಲೆ, ಕೈಯಲ್ಲಿ ಚಹಾ. ಚಹಾ ಒಂದೇ ಲೋಟ, ತನಗೆ. ಅವನ ನಗು ಹಾಗೇ ಇತ್ತು. ಅಪರಿಚಿತರಿಗೆ ಬೆಣ್ಣೆಯಂತೆ ಕಾಣುವ ನಗು.

"ಹೇಗಿದ್ದೀಯ, ನೆರ್? ಮನೆ ನೋಡಿ ಬೇಜಾರಾಗಿಲ್ಲ ತಾನೆ? ಎಲ್ಲಾ ನಾನೇ ಮಾಡಿದ್ದು. ಒಬ್ಬನ್ನೂ ಕರೀಲಿಲ್ಲ."

"ಅದು ಕಾಣ್ತಾ ಇದೆ."

"ವೀಡಿಯೋ ನೋಡಿ ಕಲಿತೆ ಕಣೇ. ಏನೂ ಕಷ್ಟ ಇಲ್ಲ. ನೀವೆಲ್ಲ ಸುಮ್ನೆ ದೊಡ್ಡ ವಿದ್ಯೆ ಅನ್ನೋ ಹಾಗೆ ಆಡ್ತೀರಿ. ಈಗ ಆ ಎರಡು ಪೈಪನ್ನ ಸ್ವಲ್ಪ ಈಕಡೆಗೆ ಬಗ್ಗಿಸಿದ್ರೆ ಆಯ್ತು. ನಾನೇ ಬಗ್ಗಿಸ್ತಿದ್ದೆ, ಪಾಠಗಳು ಜಾಸ್ತಿ."

"ತಾಮ್ರದ ಪೈಪು ಅದು. ಜಡೆ ಅಲ್ಲ ಬಗ್ಗಿಸಿ ಕಟ್ಟೋಕೆ. ನೆಲದ ಹಲಗೆ ಎತ್ತಿ, ಕೆಳಗೆ ಕತ್ತರಿಸಿ, ಇಷ್ಟು ಈಚೆಗೆ ತಂದು, ಹೊಸ ತೂತಿನಲ್ಲಿ ಮೇಲೆತ್ತಬೇಕು." ನೆರಿಸ್ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತ ಹೋದಳು. ಎಲ್ಲ ಕಡೆಯೂ ಟೊಳ್ಳು ಸದ್ದು. "ರೇಡಿಯೇಟರ್ ತೂಗುಹಾಕೋಕೆ ಬೋರ್ಡಿನ ಹಿಂದೆ ಮರ ಎಲ್ಲಿ ಕೊಟ್ಟಿದ್ದೀಯ?"

"ಕೊಟ್ಟಿದ್ದೀನಿ."

"ಎಲ್ಲಿ?"

"ಅಲ್ಲೇ ಎಲ್ಲೋ."

"ಗೆಥಿನ್, ನೀರು ತುಂಬಿದ ರೇಡಿಯೇಟರ್ ಒಂದು ಕರುವಿನಷ್ಟು ತೂಕ ಇರತ್ತೆ. ಅಲ್ಲೇ ಎಲ್ಲೋ ಅನ್ನೋ ಮರಕ್ಕೆ ತೂಗುಹಾಕಿದ್ರೆ ನಿಮ್ಮ ಅಮ್ಮನ ಕಾಲ ಮೇಲೆ ಬೀಳತ್ತೆ."

"ನೋಡಿದ್ಯಾಮ್ಮ? ಬಂದು ಐದು ನಿಮಿಷ ಆಗಿಲ್ಲ, ಶುರು." ಗೆಥಿನ್ ತಾಯಿಯ ಕಡೆ ತಿರುಗಿದ. "ಆಗಲೂ ಹೀಗೇ. ಒಂದು ಮೊಳೆ ಹೊಡೆದ್ರೆ ನನ್ನ ಹಿಂದೆ ಬಂದು ಕಿತ್ತು ಇನ್ನೊಂದು ಸಲ ಹೊಡೀತಿದ್ಲು."

"ನೀನು ಸೊಟ್ಟ ಹೊಡೀತಿದ್ದೆ," ಎಂದಳು ನೆರಿಸ್.

"ಸೊಟ್ಟ ಇದ್ರೆ ಇರ್ಲಿ ಅಂತ ಒಂದು ಸಲ ಬಿಟ್ಟಿದ್ಯಾ? ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ?"

ಅವನ ದನಿಯಲ್ಲಿ ನಗುವಿರಲಿಲ್ಲ. ನೆರಿಸ್ ಬಿಟ್ಟಿರಲಿಲ್ಲ, ನಿಜ. ಬಿಡಲು ಏನು ಕಾರಣವಿತ್ತೆಂಬುದು ಈಗಲೂ ಹೊಳೆಯಲಿಲ್ಲ. ಸೊಟ್ಟ ಮೊಳೆಗೆ ತೂಗುಹಾಕಿದ್ದು ಬೀಳುತ್ತದೆ, ಅಷ್ಟೆ.

"ಷರ್ಮೇನ್ ಎಲ್ಲಿ?" ಎಂದು ಕೇಳಿದಳು. ಷರ್ಮೇನ್ ಅವಳ ಜಾಗಕ್ಕೆ ಬಂದವಳು.

"ಅವಳ ತಂಗಿ ಮನೆಗೆ ಹೋಗಿದ್ದಾಳೆ. ಸ್ವಾನ್ಸಿ. ಅವಳಿಗೆ ಚಳಿ ಆಗಲ್ಲ."

"ಬಾಯ್ಲರ್ ಕೆಟ್ಟ ದಿನಾನೇ ಹೊರಟ್ಲು," ಎಂದಳು ಓಲ್ವೆನ್ ಕಿಟಕಿಯ ಕಡೆ ನೋಡುತ್ತ. "ಹೇರ್ ಡ್ರೈಯರ್ ತಗೊಂಡೇ ಹೋದ್ಲು."

*

ನೆರಿಸ್ ಅಡುಗೆಮನೆಯ ಬೀರುವಿನಲ್ಲಿದ್ದ ಬಾಯ್ಲರ್ ನೋಡಿದಳು. ಒತ್ತಡದ ಮುಳ್ಳು ಸೊನ್ನೆಗೆ ಮಲಗಿತ್ತು. ಒಂದು ರೇಡಿಯೇಟರ್ ಬಿಚ್ಚಿದ್ದಕ್ಕೆ ಮನೆಯೆಲ್ಲ ತಣ್ಣಗಾಗಬೇಕಿಲ್ಲ. ಬಿಚ್ಚಿದ ಕಡೆ ವಾಲ್ವು ಮುಚ್ಚಿದ್ದರೆ ಉಳಿದ ಕೋಣೆಗಳು ಬಿಸಿಯಾಗುತ್ತಲೇ ಇರಬೇಕು. ಎಲ್ಲೋ ನೀರು ಸೋರುತ್ತಿದೆ.

"ಇದಕ್ಕೆ ಆಗಾಗ ನೀರು ತುಂಬಿಸ್ತಾ ಇದ್ದೀಯಾ?"

"ನಾನ್ಯಾಕೆ ತುಂಬಿಸ್ಲಿ? ಬಾಯ್ಲರ್ ಹಳೇದಾಯ್ತು. ನೀನೇ ಹಾಕಿದ್ದಲ್ವಾ," ಎಂದ ಗೆಥಿನ್. ನೀರು ತುಂಬಿಸುವ ನಲ್ಲಿಯ ಹಿಡಿ ಬೆರಳಾಡಿ ಆಡಿ ಹೊಳೆಯುತ್ತಿತ್ತು. ಉಳಿದ ಎಲ್ಲದರ ಮೇಲೂ ಧೂಳು.

ವಾದ ಮಾಡಿದರೆ ಅವನು ಗೆಲ್ಲುತ್ತಾನೆ. ಗೆಥಿನ್‌ಗೆ ಬರುವ ಕೆಲಸ ಅದೊಂದೇ. ನೆರಿಸ್ ಹಿತ್ತಿಲ ಬಾಗಿಲ ಬಳಿಯ ನಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಪೈಪುಗಳಲ್ಲಿದ್ದ ನೀರನ್ನು ಮೋರಿಗೆ ಬಿಟ್ಟಳು.

"ನೀನು ಮೇಲೆ ಹೋಗಿ ಎಲ್ಲ ರೇಡಿಯೇಟರಿನ ಗಾಳಿ ತಿರುಪು ಬಿಚ್ಚಿ ಬಾ," ಎಂದು ಅವನ ಕೈಗೆ ಸಣ್ಣ ಕೀಲಿ ಕೊಟ್ಟಳು. "ಗಾಳಿ ಒಳಗೆ ಹೋದ್ರೇನೇ ಮೇಲಿನ ನೀರು ಕೆಳಗಿಳಿಯೋದು. ಎಲ್ಲ ಅಂದ್ರೆ ಎಲ್ಲ."

ಅವನು ಮೇಲೆ ಹೋದ. ಸ್ವಲ್ಪ ಹೊತ್ತು ಹಲಗೆಗಳ ಮೇಲೆ ಹೆಜ್ಜೆ ಸದ್ದು, ಆಮೇಲೆ ಫೋನಿನಲ್ಲಿ ಯಾರನ್ನೋ ರಮಿಸುವ ಸದ್ದು. ಕೆಳಗಿಳಿದು, "ಆಯ್ತು" ಎಂದ.

"ಎಲ್ಲ?"

"ಎಲ್ಲ ಅಂದೆನಲ್ಲ."

ಮೋರಿಗೆ ಬಿದ್ದ ನೀರು ಕಡಿಮೆ ಅನ್ನಿಸಿತು ನೆರಿಸ್‌ಗೆ. ಆದರೂ ನಂಬಿದಳು. ಆ ಮನುಷ್ಯನ "ಆಯ್ತು" ಎಂಬ ಮಾತಿಗೆ ಎಷ್ಟು ಬೆಲೆ ಎಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವಳಿಗೆ ಗೊತ್ತಿತ್ತು. ಹಾಗಿದ್ದೂ ನಂಬಿದ್ದಕ್ಕೆ ಆಮೇಲೆ ಅವಳಿಗೆ ತನ್ನ ಮೇಲೆ ಬಂದಷ್ಟು ಸಿಟ್ಟು ಅವನ ಮೇಲೂ ಬರಲಿಲ್ಲ.

ನೆಲದ ಹಲಗೆಗಳನ್ನು ಎತ್ತಿದಳು. ಓಲ್ವೆನ್ ಕುರ್ಚಿ ಬಿಟ್ಟು ಏಳಲು ಒಪ್ಪಲಿಲ್ಲ. "ಇದು ನನ್ನ ಕೋಣೆ. ನಾನು ಇಲ್ಲೇ ಇರ್ತೀನಿ. ನೀನು ನನ್ನ ಸುತ್ತ ಮಾಡ್ಕೋ." ಕುರ್ಚಿಯ ಸುತ್ತ ನೆಲ ಬಾಯಿ ತೆರೆಯಿತು. ಹ್ಯಾಟು ಹಾಕಿದ ಮುದುಕಿ ನಡುವೆ, ದೋಣಿಯಲ್ಲಿ ಕೂತವಳಂತೆ. ಕೆಳಗೆ ತನ್ನದೇ ಕೈಯ ಪೈಪುಗಳು ಕಂಡವು. ಅಕ್ಕಪಕ್ಕ ನೆಟ್ಟಗೆ, ಒಂದೂ ಕೊಂಕಿಲ್ಲದೆ ಮಲಗಿದ್ದವು. ಆಗ ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಎಂಥ ಅಚ್ಚುಕಟ್ಟು ಎಂದು ಈಗಲೂ ಅನ್ನಿಸಿ, ಎದೆಯಲ್ಲಿ ಸಣ್ಣ ಸಂತೋಷವಾಯಿತು.

ಆಗಲೇ ಮೂಲೆಯ ಕಡೆ ಕಣ್ಣು ಹೋಯಿತು. ಮೇಲಿನ ಕೋಣೆಗಳಿಗೆ ಹೋಗುವ ಪೈಪುಗಳು ಆ ಮೂಲೆಯಲ್ಲೇ ಗೋಡೆಗುಂಟ ಹತ್ತುತ್ತಿದ್ದವು. ಗೆಥಿನ್ ಅವನ್ನೂ ಬೋರ್ಡಿನ ಹಿಂದೆ ಹೂತಿದ್ದ. ಅಲ್ಲಿ ಹೊಸ ಬಣ್ಣದ ಮೇಲೆ ಚಹಾದ ಬಣ್ಣದ ಒಂದು ಕಲೆ. ಅದರ ಮುಂದೆ ಯಾರೋ ಕುಂಡದಲ್ಲಿ ಗಿಡ ಇಟ್ಟಿದ್ದರು. ಒತ್ತಿ ನೋಡಿದಳು. ಬೆರಳು ಹಾಲಲ್ಲಿ ನೆನೆದ ಬ್ರೆಡ್ಡಿಗೆ ಇಳಿದಂತೆ ಒಳಗಿಳಿಯಿತು.

"ಅದನ್ಯಾಕೆ ಮುಟ್ತೀಯ?" ಎಂದ ಗೆಥಿನ್ ತಟಕ್ಕನೆ. "ಆ ಮೂಲೆಗೂ ರೇಡಿಯೇಟರಿಗೂ ಏನು ಸಂಬಂಧ?"

ನೆರಿಸ್ ಕೈಗರಗಸದಿಂದ ಬೋರ್ಡನ್ನು ಚೌಕಾಕಾರ ಕೊಯ್ದು ಕಿತ್ತಳು. ಒದ್ದೆ ಫೋಮು, ಹಸಿ ವಾಸನೆ. ಒಳಗೆ ತಾಮ್ರದ ಪೈಪಿನ ಹೊಟ್ಟೆಗೆ ನೇರವಾಗಿ ಚುಚ್ಚಿಕೊಂಡು ನಿಂತ ಒಂದು ಉದ್ದ ಸ್ಕ್ರೂ. ಬೋರ್ಡು ಕೂರಿಸುವಾಗ ಪೈಪು ಎಲ್ಲಿದೆಯೆಂದು ನೋಡದೆ ತಿರುಪಿದ್ದು. ಸ್ಕ್ರೂವೇ ತೂತಿಗೆ ಬಿರಡೆಯಾಗಿ ನಿಂತು, ಸುತ್ತಲಿಂದ ಹನಿ ಹನಿಯಾಗಿ ವಾರಗಟ್ಟಲೆ ನೀರು ಜಿನುಗಿತ್ತು. ಜಿನುಗಿದಷ್ಟನ್ನೂ ಗೆಥಿನ್ ಬೆಳಿಗ್ಗೆ ಬೆಳಿಗ್ಗೆ ನಲ್ಲಿ ತಿರುಗಿಸಿ ತುಂಬಿಸುತ್ತಿದ್ದ. ಈಚೆಗೆ ಎಷ್ಟು ತುಂಬಿಸಿದರೂ ನಿಲ್ಲದಾಗಿತ್ತು. ತಾಯಿ ಮಲಗುವ ಕೋಣೆಯ ಗೋಡೆ ಒಳಗಿನಿಂದ ಕೊಳೆಯುವುದನ್ನು ನೋಡಿ ಮುಂದೆ ಗಿಡ ಇಟ್ಟಿದ್ದ.

"ಇದು ಯಾವ ವೀಡಿಯೋದಲ್ಲಿತ್ತು?" ಎಂದು ಕೇಳಿ, ನೆರಿಸ್ ಸ್ಕ್ರೂವನ್ನು ತಿರುಗಿಸಿ ಹೊರಗೆಳೆದಳು.

ಮೇಲಿನ ರೇಡಿಯೇಟರುಗಳ ನೀರು ಒಂದು ಹನಿಯೂ ಇಳಿದಿರಲಿಲ್ಲ. ಪೈಪು ಗೊರಗೊರ ಎಂದು ಕೆಮ್ಮಿ, ಮಸಿಯಂಥ ಕಪ್ಪು ನೀರನ್ನು ಚಿಮ್ಮಿತು. ನೆರಿಸ್‌ಳ ಮುಖ, ಕೊರಳು, ಅಂಗಿಯ ಒಳಗೆ. ಅಲ್ಲಿಂದ ಹಾಸಿಗೆಯ ಅಂಚಿಗೆ, ಓಲ್ವೆನ್‌ಳ ಚಪ್ಪಲಿಗೆ. ಅವಳು ತೂತಿಗೆ ಹೆಬ್ಬೆರಳು ಒತ್ತಿ, "ಮೇಲೆ ಹೋಗಿ ತಿರುಪು ಬಿಚ್ಚೋ! ಬಕೆಟ್ ತಾರೋ!" ಎಂದು ಕೂಗಿದಳು. ಗೆಥಿನ್ ಇದ್ದಲ್ಲೇ ನಿಂತು ತನ್ನ ಸ್ವೆಟರಿಗೆ ಬಿದ್ದ ಹನಿಗಳನ್ನು ನೋಡಿಕೊಳ್ಳುತ್ತಿದ್ದ. ಕೊನೆಗೆ ಅವಳೇ ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದು ಕೈಯಿಂದ ಚೀಲ ಎಳೆದುಕೊಂಡು, ತೂತಿನ ಮೇಲೆ ರಬ್ಬರಿನ ಪಟ್ಟಿ ಬಿಗಿದಳು.

ನೀರು ನಿಂತಿತು. ಕೋಣೆಯಲ್ಲಿ ಕೊಳೆತ ಕಬ್ಬಿಣದ ನಾತ.

"ಏನು ಮಾಡ್ದೆ ನೋಡು," ಎಂದ ಗೆಥಿನ್. "ಗರಗಸ ಪೈಪಿಗೆ ತಾಗಿಸಿದೆ. ಚೆನ್ನಾಗಿದ್ದ ಗೋಡೆ ಕೊಯ್ದು ಚೆನ್ನಾಗಿದ್ದ ಪೈಪು ಕತ್ತರಿಸಿದೆ. ಅಮ್ಮಾ, ನೀನು ನೋಡಿದೆ ಅಲ್ವಾ?"

ನೆರಿಸ್ ಸ್ಕ್ರೂವನ್ನು ಅಂಗೈ ಮೇಲಿಟ್ಟು ಮುದುಕಿಯ ಮುಂದೆ ಚಾಚಿದಳು. ಒಂದು ಮೊಳ ದೂರದಲ್ಲಿ ಕೂತಿದ್ದಳು ಓಲ್ವೆನ್. ಎಲ್ಲವನ್ನೂ ನೋಡಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬೀದಿಯ ಆ ತುದಿಯಲ್ಲಿ ಯಾರ ಪರದೆ ಕೊಳೆಯಾಗಿದೆಯೆಂದು ಹೇಳಬಲ್ಲವಳು.

ಓಲ್ವೆನ್ ಸ್ಕ್ರೂವಿನ ಕಡೆ ನೋಡಲಿಲ್ಲ.

"ನೋಡಿದೆ," ಎಂದಳು. "ಅವಳೇ ಕತ್ತರಿಸಿದ್ದು."

ಗೆಥಿನ್‌ನ ಭುಜ ಸಡಿಲವಾಯಿತು. ಮುಖಕ್ಕೆ ಮತ್ತೆ ಆ ನಗು ಬಂತು. "ಹೋಗ್ಲಿ ಬಿಡು, ನೆರ್. ಯಾರಿಗಾದ್ರೂ ಆಗತ್ತೆ," ಎಂದು ಉದಾರವಾಗಿ ಹೇಳಿ ಗಡಿಯಾರ ನೋಡಿಕೊಂಡ. "ನನಗೆ ಪಾಠಕ್ಕೆ ಹೊತ್ತಾಯ್ತು. ಪಾಪ ಆ ಹುಡುಗಿಗೆ ಪರೀಕ್ಷೆ ಹತ್ರ ಬಂತು." ಹಜಾರದಲ್ಲಿ ಸ್ವೆಟರು ಬದಲಿಸಿದ ಸದ್ದು, ಬಾಗಿಲು ಹಾಕಿದ ಸದ್ದು, ಕಾರು ಹೊರಟ ಸದ್ದು.

*

ನೆರಿಸ್ ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದಳು.

"ಹೋಗ್ತೀಯಾ?" ಎಂದಳು ಓಲ್ವೆನ್.

"ಹೋಗ್ತೀನಿ. ಚೆನ್ನಾಗಿದ್ದ ಪೈಪು ಕತ್ತರಿಸೋಳ ಕೈಲಿ ಯಾಕೆ ಕೆಲಸ ಮಾಡಿಸ್ಕೋತೀರಿ?"

ಮುದುಕಿ ಒದ್ದೆಯಾದ ಚಪ್ಪಲಿಯನ್ನು ಕಾಲಿನಿಂದಲೇ ಬಿಡಿಸಿ ದೂರ ತಳ್ಳಿದಳು. ಕಾಲುಚೀಲವೂ ಒದ್ದೆಯಾಗಿತ್ತು.

"ಅವನೇ ಮಾಡಿದ್ದು ಅಂತ ನನಗೆ ಗೊತ್ತಿಲ್ವಾ?" ಎಂದಳು. "ದಿನಾ ಬೆಳಿಗ್ಗೆ ಕಳ್ಳನ ಥರ ಆ ಬೀರು ತೆಗೆಯೋದು ಕೇಳಿಸ್ತಿತ್ತು. ಗಿಡ ತಂದಿಟ್ಟ. ಹೂವಿಗೆ ಒಂದು ಕಾಸು ಬಿಚ್ಚೋನಲ್ಲ, ಗಿಡ ತಂದ ಅಂದಾಗ್ಲೇ ಗೊತ್ತಾಯ್ತು."

"ಮತ್ತೆ ಬಾಯಿ ಬಿಟ್ಟು ಸುಳ್ಳು ಹೇಳಿದ್ರಲ್ಲ!"

"ಹೇಳಿದೆ. ನೀನು ಸಂಜೆ ವ್ಯಾನು ಹತ್ತಿ ನಿನ್ನ ಮನೆಗೆ ಹೋಗ್ತೀಯ. ನಾಳೆ ಬೆಳಿಗ್ಗೆ ನನ್ನ ಎಬ್ಬಿಸಿ ಚಹಾ ಕೊಡೋನು ಅವನು. ಕಕ್ಕಸಿಗೆ ಕೈಹಿಡಿದು ಕರ್ಕೊಂಡು ಹೋಗೋನು ಅವನು. ಅವನ ಮುಖಕ್ಕೆ ಮಸಿ ಬಳಿದು ನಿನ್ನ ಮರ್ಯಾದೆ ಉಳಿಸಿದ್ರೆ, ಆ ಮರ್ಯಾದೆ ಬಂದು ನನ್ನ ಎಬ್ಬಿಸತ್ತಾ?"

ಇದಕ್ಕೂ ಮೊದಲು ಓಲ್ವೆನ್ ನೆರಿಸ್‌ಳ ಹತ್ತಿರ ಇಷ್ಟು ಉದ್ದ ಮಾತಾಡಿದ್ದೇ ಇರಲಿಲ್ಲ.

"ಅವನು ಕೈಲಾಗದೋನು," ಎಂದಳು ಮುದುಕಿ, ಹವಾಮಾನ ಹೇಳುವಂತೆ. "ಅವನಪ್ಪನೂ ಹಾಗೇ ಇದ್ದ. ಹೊಗಳಿದ್ರೆ ಮನೇಲಿ ನಿಲ್ತಾರೆ, ಬೈದ್ರೆ ಎದ್ದು ಹೋಗ್ತಾರೆ. ನೀನು ಬೈದೆ, ಎದ್ದು ಹೋದ. ನಾನು ಹೊಗಳ್ತೀನಿ, ನಿಂತಿದ್ದಾನೆ."

"ನನಗೆ ಬೇಕಿರಲಿಲ್ಲ ಹಾಗೆ ನಿಲ್ಲೋ ಗಂಡಸು."

"ನಿನಗೆ ಕೈಕಾಲು ಗಟ್ಟಿ ಇತ್ತು. ಬೇಡ ಅನ್ನಬಹುದಿತ್ತು."

"ಸರಿ. ಅವನು ಬಂದಾಗ ಅವನ ಮುಂದೆ ಹೇಳಿ, ಸ್ಕ್ರೂ ಅವನದು ಅಂತ. ಆಗ ಕೆಲಸ ಮುಗಿಸ್ತೀನಿ."

"ಹೇಳಲ್ಲ."

"ಹಾಗಾದ್ರೆ ಚಳೀಲಿ ಕೂತಿರಿ."

"ಕೂತಿರ್ತೀನಿ," ಎಂದು ಓಲ್ವೆನ್ ಹ್ಯಾಟನ್ನು ಸರಿಮಾಡಿಕೊಂಡಳು.

ನೆರಿಸ್ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ತಿರುಗಿ ನೋಡಬಾರದಿತ್ತು, ನೋಡಿದಳು. ಮುದುಕಿಗಾಗಿ ಅಲ್ಲ. ಮುದುಕಿ ಅವಳ ಮಟ್ಟಿಗೆ ಹಾಳಾಗಿ ಹೋಗಲಿ. ಕಣ್ಣು ಹೋದದ್ದು ಬಾಯಿ ತೆರೆದ ನೆಲಕ್ಕೆ, ಕೊಯ್ದ ಗೋಡೆಗೆ, ರಬ್ಬರು ಸುತ್ತಿದ ಪೈಪಿಗೆ. ಅರ್ಧಕ್ಕೆ ಬಿಟ್ಟ ಕೆಲಸ ಹೇಗಿರುತ್ತದೋ ಹಾಗೇ ಇತ್ತು. ಈ ಮನೆಯಲ್ಲಿ ಹಾಗೆ ಅರ್ಧಕ್ಕೆ ಬಿಟ್ಟು ಹೋಗುವವನು ಒಬ್ಬನಿದ್ದ, ಈಗಷ್ಟೇ ಸ್ವೆಟರು ಬದಲಿಸಿ ಹೋದ. ಅವನ ಸಾಲಿಗೆ ಸೇರುವುದೇ? ಆ ಯೋಚನೆಗೇ ಅವಳಿಗೆ ಹೇಸಿಗೆಯಾಯಿತು.

"ಥೂ!" ಎಂದು ಚೀಲವನ್ನು ಧೊಪ್ಪನೆ ಇಳಿಸಿದಳು. ವ್ಯಾನಿನಿಂದ ಒಣ ಟವೆಲು, ತನ್ನ ಉಣ್ಣೆಯ ಕಾಲುಚೀಲ ತಂದು ಓಲ್ವೆನ್‌ಳ ಮಡಿಲಿಗೆ ಎಸೆದಳು. "ಹಾಕ್ಕೊಳ್ಳಿ. ಒಗೆದಿದೆ. ಮೂಸಿ ನೋಡಬೇಡಿ."

ಓಲ್ವೆನ್ ಮೂಸಿ ನೋಡಿಯೇ ಹಾಕಿಕೊಂಡಳು.

ನೆರಿಸ್ ಮೇಲೆ ಹೋಗಿ ಗಾಳಿ ತಿರುಪುಗಳನ್ನು ತಾನೇ ಬಿಚ್ಚಿ ಬಂದಳು. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ತೂತಾದ ಪೈಪಿನ ತುಂಡು ಕತ್ತರಿಸಿ ಹೊಸದು ಬೆಸೆದಳು. ನೆಲದಡಿಯ ಎರಡು ಪೈಪನ್ನೂ ಕತ್ತರಿಸಿ, ಮೊಣಕೈ ತುಂಡು ಹಾಕಿ ನಾಲ್ಕು ಬೆರಳು ಈಚೆಗೆ ತಂದು, ಹಲಗೆಯಲ್ಲಿ ಹೊಸ ತೂತು ಕೊರೆದು ಮೇಲೆತ್ತಿ, ನೆಲ ಮುಚ್ಚಿದಳು. ರೇಡಿಯೇಟರ್ ಬರುವ ಎತ್ತರಕ್ಕೆ ಬೋರ್ಡನ್ನೂ ಫೋಮನ್ನೂ ಪಟ್ಟಿಯಾಗಿ ಕೊಯ್ದಾಗ ಗೆಥಿನ್ ಕೊಟ್ಟಿದ್ದೇನೆಂದ ಮರ ನಿರೀಕ್ಷಿಸಿದಂತೆಯೇ ಎಲ್ಲೂ ಇರಲಿಲ್ಲ. ದಪ್ಪ ಮರದ ಪಟ್ಟಿಗಳನ್ನು ಕಲ್ಲಿಗೆ ಉದ್ದ ಸ್ಕ್ರೂ ಹೊಡೆದು ಕೂರಿಸಿ, ಮೇಲೆ ಬೋರ್ಡು ಮುಚ್ಚಿ, ಬ್ರಾಕೆಟ್ಟು ಬಿಗಿದಳು. ಎರಡೂ ಕೈಯಿಂದ ಜೋತುಬಿದ್ದು ನೋಡಿದಳು. ಅಲ್ಲಾಡಲಿಲ್ಲ. ಹಜಾರದಿಂದ ರೇಡಿಯೇಟರನ್ನು ಒಬ್ಬಳೇ ಎಳೆದು ತಂದು ತೂಗುಹಾಕಿದಳು. ಹಳೆ ಕೀಲುಗಳು ಹೊಸ ಪೈಪಿಗೆ ಹೇಳಿ ಮಾಡಿಸಿದಂತೆ ಕೂತವು. ನೀರು ತುಂಬಿಸಿ, ಬಾಯ್ಲರ್ ಹೊತ್ತಿಸಿದಳು.

ಬಿಸಿ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಪೈಪು ಟಿಕ್ ಟಿಕ್ ಎಂದಿತು. ಓಲ್ವೆನ್ ಕುರ್ಚಿಯಿಂದ ಮುಂದಕ್ಕೆ ಬಾಗಿ ನೇರಳೆ ಬೆರಳುಗಳನ್ನು ರೇಡಿಯೇಟರಿನ ಮೇಲಿಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿದಳು. ಆಮೇಲೆ ತೆರೆದು, "ಮುಂಚೆಗಿಂತ ಇದು ಕೋಣೆ ಒಳಗೆ ಬಂದುಬಿಟ್ಟಿದೆ. ನನ್ನ ಕುರ್ಚಿ ಎಲ್ಲಿಡ್ಲಿ?" ಎಂದಳು.

"ಗೋಡೆ ಮುಂದೆ ಬಂದಿದೆ. ನಿಮ್ಮ ಮಗನ್ನ ಕೇಳಿ," ಎಂದಳು ನೆರಿಸ್. ಕುರ್ಚಿಯನ್ನು ಮುದುಕಿಯ ಸಮೇತ ಒಂದಿಷ್ಟು ಹಿಂದಕ್ಕೆ ಎಳೆದು ಕೂರಿಸಿ, ಅವಳನ್ನು ನಡೆಸಿಕೊಂಡು ಹೋಗಿ ಬಾಯ್ಲರಿನ ಮುಳ್ಳು ತೋರಿಸಿದಳು. "ಇದು ಈ ಹಸಿರು ಪಟ್ಟೀಲೇ ಇರಬೇಕು. ಕೆಳಗೆ ಇಳಿದ್ರೆ ಅವನಿಗೆ ಹೇಳಬೇಡಿ, ನನಗೆ ಫೋನ್ ಮಾಡಿ."

"ನಾನ್ಯಾಕೆ ನಿನಗೆ ಫೋನ್ ಮಾಡ್ಲಿ?"

"ಮಾಡಬೇಡಿ, ಹಾಗಾದ್ರೆ."

ಅವಳು ವ್ಯಾನಿಗೆ ಸಾಮಾನು ತುಂಬುವಾಗ ಗೆಥಿನ್‌ನ ಕಾರು ಬಂತು. ಪಕ್ಕದ ಮನೆಯ ಹೆಂಗಸು ಕಸದ ಡಬ್ಬಿ ಎಳೆಯುತ್ತಿದ್ದಳು. "ಸರಿ ಹೋಯ್ತಾ?" ಎಂದು ಕೇಳಿದಳು. "ಹೋಯ್ತು, ಹೋಯ್ತು," ಎಂದ ಗೆಥಿನ್ ಕಾರಿನಿಂದ ಇಳಿಯುತ್ತ. "ಕಷ್ಟದ ಕೆಲಸ ನಾನು ಮಾಡಿಟ್ಟಿದ್ದೆ. ಸಣ್ಣಪುಟ್ಟದ್ದು ನೆರ್ ಮುಗಿಸಿದ್ಲು." ಒಳಗೆ ಇನ್ನೂ ಕಾಲಿಟ್ಟಿರಲಿಲ್ಲ ಅವನು. ನೆರಿಸ್ ಅವನ ಮುಖ ನೋಡಿದಳು. ಅಲ್ಲಿ ಕಪಟವಿರಲಿಲ್ಲ, ತಾನು ಹೇಳುವುದನ್ನು ಅವನು ನಿಜವಾಗಿಯೂ ನಂಬಿದ್ದ. ಅವಳು ವ್ಯಾನು ಹತ್ತಿದಳು.

ಷರ್ಮೇನ್ ಮಾರನೆಯ ಸಂಜೆಯೇ ಸ್ವಾನ್ಸಿಯಿಂದ ವಾಪಸಾದಳೆಂದು ಸುದ್ದಿ ಬಂತು.

ಚಳಿಗಾಲ ಕಳೆಯಿತು. ಓಲ್ವೆನ್ ಫೋನು ಮಾಡಲಿಲ್ಲ. ಮಾಡಬೇಕಾದ ಕಾರಣವೂ ಬಂದಿರಲಿಕ್ಕಿಲ್ಲ. ನೆರಿಸ್ ಬೆಸೆದದ್ದು ಸೋರುವಂಥದ್ದಲ್ಲ. ವಸಂತ ಬಂದ ಮೇಲೆ ಒಂದು ಶನಿವಾರ ಸಂತೆಯಲ್ಲಿ ನೆರಿಸ್ ಮೀನು ಕೊಳ್ಳುತ್ತಿದ್ದಾಗ ಗಾಲಿಕುರ್ಚಿಯೊಂದು ಪಕ್ಕಕ್ಕೆ ಬಂದು ನಿಂತಿತು. ಸುತ್ತ ಚಾಪೆಲ್ಲಿನ ಹೆಂಗಸರು.

"ಇವಳೇ," ಎಂದಳು ಓಲ್ವೆನ್ ಅವರಿಗೆ, ಅಂಗಡಿಯಲ್ಲಿಟ್ಟ ಮೀನು ತೋರಿಸುವಂತೆ. "ನಮ್ಮನೆ ಪೈಪು ಕತ್ತರಿಸಿ ಕೋಣೆಯೆಲ್ಲ ಮುಳುಗಿಸಿದೋಳು. ನನ್ನ ಮಗ ಎಷ್ಟು ಕಷ್ಟಪಟ್ಟು ಕಟ್ಟಿದ ಗೋಡೆ."

ಹೆಂಗಸರು ಮುಜುಗರದಿಂದ ಮೀನುಗಳ ಕಡೆ ನೋಡಿದರು.

"ಹೌದು, ನಾನೇ," ಎಂದಳು ನೆರಿಸ್. "ಕೋಣೆ ಬೆಚ್ಚಗಿದೆಯಾ, ಮಿಸೆಸ್ ಪ್ರೋಬರ್ಟ್?"

"ಬೇಕಾದ್ದಕ್ಕಿಂತ ಜಾಸ್ತಿ ಬಿಸಿ," ಎಂದಳು ಓಲ್ವೆನ್. "ಕಿಟಕಿ ತೆಗೆದಿಡಬೇಕು."

ಗಾಲಿಕುರ್ಚಿ ಮುಂದೆ ಹೋಯಿತು. ಸಿಟ್ಟು ಬರುತ್ತದೆಂದು ನೆರಿಸ್ ಕಾದಳು, ಬರಲಿಲ್ಲ. ಮುದುಕಿ ಮಗನನ್ನು ಹೊಗಳಿದ ದನಿ ಇನ್ನೂ ಕಿವಿಯಲ್ಲಿತ್ತು. ಅಳುವ ಮಗುವಿನ ಬಾಯಿಗೆ ಬೆಲ್ಲ ಇಡುವವರ ದನಿ. ಆ ದನಿಯಲ್ಲಿ ತನ್ನನ್ನು ಆ ಹೆಂಗಸು ಒಂದು ದಿನವೂ ಹೊಗಳಿರಲಿಲ್ಲ. ಮೊದಲ ಬಾರಿಗೆ ನೆರಿಸ್‌ಗೆ ಹಾಗೆ ಹೊಗಳದೆ ಇದ್ದದ್ದೇ ಒಂದು ಬಗೆಯ ಮರ್ಯಾದೆಯಂತೆ ಕಂಡಿತು.

ಅವಳು ಇನ್ನೊಂದು ಮೀನು ತೋರಿಸಿ, ತಲೆ ತೆಗೆದು ಕೊಡುವಂತೆ ಹೇಳಿದಳು.